ತಂಗಿಗೆ ನೋಡಿದ ಹುಡುಗನನ್ನು ಮಾರಲು ಹೊರಟದ್ದು

ತಂಗಿಯ ಮದುವೆಯ ದಿನ ಏನೇನು ಕೆಡಬಹುದು ಎಂಬುದನ್ನು ನಾನು ಎಷ್ಟೋ ವಾರ ಮೊದಲೇ ಯೋಚಿಸಿ ಸಿದ್ಧನಾಗಿದ್ದೆ. ಆಳಂದದಿಂದ ಹೊರಟ ನಮ್ಮ ಬಸ್ಸು ಕಡಗಂಚಿ ದಾಟುವುದರೊಳಗೇ ಕೆಟ್ಟು ನಿಲ್ಲಬಹುದು. ನಿಲ್ಲದಿದ್ದರೆ ಭೀಮಾ ನದಿಯ ಸೇತುವೆಯ ಮೇಲೆ ಕಬ್ಬಿನ ಲಾರಿಯೊಂದು ಅಡ್ಡ ಬಿದ್ದಿರಬಹುದು. ಬಾಸಿಂಗದ ಡಬ್ಬಿ ನಮ್ಮ ಮನೆಯ ಮಾಡದಲ್ಲೇ ಉಳಿಯಬಹುದು. ಜೇವರ್ಗಿಯ ಅಡುಗೆಯವನು ಕುಡಿದು ಮಲಗಬಹುದು. ಇವು ಎಲ್ಲರ ಮನೆಯ ಚಿಂತೆಗಳು, ಇವುಗಳಲ್ಲಿ ನನ್ನ ಹೆಚ್ಚುಗಾರಿಕೆ ಏನಿಲ್ಲ. ನನ್ನ ಸ್ವಂತದವು ಬೇರೆ ಇದ್ದವು. ಆಳಂದದ ಚಹಾ ಹೋಟೆಲ್ಲಿನಲ್ಲಿ ಒಂದು ಟವೆಲ್ಲಿನ ಕೆಳಗೆ ತಾನು ಮಾರಾಟಕ್ಕಿದ್ದೆ ಎಂಬುದು ಮದುಮಗನಿಗೆ ತಿಳಿಯಬಹುದು. ಮಾರಲು ನಿಂತವನು ಹೆಣ್ಣಿನ ಅಣ್ಣ ಎಂಬುದೂ ಅದರ ಬೆನ್ನಿಗೇ ತಿಳಿಯಬಹುದು. ಮದುಮಗನ ತಂದೆ ಅಕ್ಷತೆಯ ತಟ್ಟೆ ಕೆಳಗಿಟ್ಟು ಬಂದ ದಾರಿ ಹಿಡಿಯಿರಿ ಅನ್ನಬಹುದು. ಅವ್ವ ಅಲ್ಲೇ ಕುಸಿಯಬಹುದು. ತಂಗಿ ಅಳುವುದಿಲ್ಲ. ಅದು ಇನ್ನೂ ಕೆಟ್ಟದ್ದು, ಅವಳು ನನ್ನ ಕಡೆ ತಿರುಗಿ ನೋಡಬಹುದು.

ಈಗ ನನಗೆ ಐವತ್ತು ದಾಟಿದೆ. ಅಂದಿನಿಂದ ಇಂದಿನವರೆಗೆ ನಾನು ಪಟ್ಟ ಚಿಂತೆಗಳಲ್ಲಿ ಒಂದು ಪಾಲೂ ನಿಜವಾಗಿಲ್ಲ. ಆದರೂ ಚಿಂತೆ ಬಿಟ್ಟಿಲ್ಲ. ಬಿಟ್ಟ ದಿನವೇ ಎಲ್ಲ ಒಟ್ಟಿಗೆ ಬಂದುಬಿಟ್ಟರೆ ಎಂಬ ಚಿಂತೆ.

ತೊಂಬತ್ತರ ದಶಕದ ಮಾತು. ಆಳಂದ, ಅಫಜಲಪುರ, ಜೇವರ್ಗಿ, ಮೂರೂ ಊರುಗಳಲ್ಲಿ ಆಗ ಒಂದೊಂದು ಬಾಸ್ಕೆಟ್‌ಬಾಲ್ ತಂಡವಿತ್ತು. ಕಾಲೇಜು ಮುಗಿಸಿ ಕೆಲಸ ಸಿಗದ ಹುಡುಗರು, ಕೆಲಸ ಸಿಕ್ಕು ಮಾಡಲು ಮನಸ್ಸಿಲ್ಲದ ಹುಡುಗರು, ಅಪ್ಪನ ಅಂಗಡಿಯಲ್ಲಿ ಕೂತು ಬೇಸತ್ತವರು. ಚಳಿಗಾಲ ಬಂದರೆ ಭಾನುವಾರಕ್ಕೊಮ್ಮೆ ಒಂದೊಂದು ಊರಿನ ಮೈದಾನದಲ್ಲಿ ಸೇರಿ ಆಡುತ್ತಿದ್ದರು. ರಿಂಗಿಗೆ ಬಲೆ ಇರುತ್ತಿರಲಿಲ್ಲ. ಚೆಂಡು ಒಳಗಿಂದ ಬಿತ್ತೋ ಹೊರಗಿಂದ ಬಿತ್ತೋ ಎಂಬುದನ್ನು ನೋಡಲು ಬಂದವರೆಲ್ಲ ಕೂಗಾಡಿ ತೀರ್ಮಾನಿಸಬೇಕಿತ್ತು. ಆ ಹುಡುಗರ ಬಗ್ಗೆ ನನ್ನ ತಕರಾರಿಲ್ಲ. ಅವರು ಬೆವರು ಸುರಿಸುತ್ತಿದ್ದರು. ನನ್ನ ತಕರಾರು ನಮ್ಮ ಬಗ್ಗೆ.

ನಾವು ಎಂದರೆ ಐದು ಜನ. ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ, ಕೂತರೆ ಹೊಟ್ಟೆ ತೊಡೆಯ ಮೇಲೆ ಬರುವ, ಜೀವನದಲ್ಲಿ ಒಂದು ಚೆಂಡನ್ನೂ ನೆಟ್ಟಗೆ ಎಸೆಯದ ಐದು ಗಂಡಸರು. ನಾನು ಕಾಲೇಜೊಂದರ ಕಚೇರಿಯಲ್ಲಿ ಗುಮಾಸ್ತ. ನಮ್ಮ ಮುಖಂಡ ಬ್ಯಾಂಕಿನಲ್ಲಿದ್ದ. ಹೈದರಾಬಾದಿನಲ್ಲಿ ಒಂದೆರಡು ವರ್ಷ ಇದ್ದು ಬಂದವನಾದ್ದರಿಂದ ಜಗತ್ತನ್ನು ನೋಡಿದ ಮುಖ ಮಾಡಿಕೊಂಡು ಓಡಾಡುತ್ತಿದ್ದ. ಪರದೇಶದಲ್ಲಿ ಜನ ಹೀಗೊಂದು ಆಟ ಆಡುತ್ತಾರೆಂದು ಅವನೇ ಸುದ್ದಿ ತಂದವನು. ಮೈದಾನದಲ್ಲಿ ಆಡುವವರು ಬೇರೆ, ಅವರನ್ನು ಕಾಗದದ ಮೇಲೆ ಹಂಚಿಕೊಂಡು ಆಳುವವರು ಬೇರೆ. ಮೂರೂ ಊರಿನ ನಿಜವಾದ ಆಟಗಾರರಲ್ಲಿ ಐದೈದು ಜನರನ್ನು ನಾವು ಒಬ್ಬೊಬ್ಬರು ಆರಿಸಿಕೊಳ್ಳಬೇಕು. ಅದು ನಮ್ಮ ನಮ್ಮ ತಂಡ. ಭಾನುವಾರ ಆ ಹುಡುಗ ಯಾವ ಊರಿಗಾದರೂ ಆಡಲಿ, ಅವನು ರಿಂಗಿಗೆ ಹಾಕಿದ ಚೆಂಡಿನ ಅಂಕ ನಮ್ಮ ಲೆಕ್ಕಕ್ಕೆ. ಬೇಕಾದಾಗ ಒಬ್ಬನನ್ನು ಕೊಟ್ಟು ಇನ್ನೊಬ್ಬನನ್ನು ತೆಗೆದುಕೊಳ್ಳಬಹುದು. ಯಾರು ಮಾರಿದರು, ಯಾರು ಕೊಂಡರು ಎಂಬುದು ಆಡುವ ಹುಡುಗರಿಗೆ ಗೊತ್ತೇ ಇರಲಿಲ್ಲ. ಹೊಲದಲ್ಲಿ ದುಡಿಯುವ ಎತ್ತಿಗೆ ಸಂತೆಯಲ್ಲಿ ತನ್ನ ಮಾತು ನಡೆದದ್ದು ಎಲ್ಲಿ ಗೊತ್ತಿರುತ್ತದೆ?

ಎತ್ತಿನ ಮಾತು ಸುಮ್ಮನೆ ಬರಲಿಲ್ಲ. ನಮ್ಮಲ್ಲೊಬ್ಬ ಅಫಜಲಪುರದಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟವನು. ಅವನ ಮನೆತನದವರು ಅಜ್ಜನ ಕಾಲದಿಂದ ಎತ್ತಿನ ದಲಾಲರು. ಬ್ಯಾಂಕಿನವನು ಆಟ ತಂದರೆ, ಇವನು ಅದಕ್ಕೆ ಸಂತೆಯ ಕಾನೂನು ತಂದ. ಆಟಗಾರನನ್ನು ಕೊಡುವ ಕೊಳ್ಳುವ ಮಾತು ಬಾಯಲ್ಲಿ ಆಡುವಂತಿಲ್ಲ. ಇಬ್ಬರೂ ಎದುರು ಬದುರು ಕೂತು, ಕೈಗಳ ಮೇಲೆ ಟವೆಲ್ ಹಾಕಿಕೊಂಡು, ಬೆರಳು ಹಿಡಿದು ಕೇಳಬೇಕು. ಒಂದು ಬೆರಳು ಹಿಡಿದರೆ ಒಬ್ಬ ಆಟಗಾರ, ಎರಡು ಹಿಡಿದರೆ ಇಬ್ಬರು. ಎತ್ತು ಮಾರಿದವನು ಹಗ್ಗ ಕೊಡುವುದಿಲ್ಲವಲ್ಲ, ಹಗ್ಗ ಹೋದರೆ ಮನೆಯ ಲಕ್ಷ್ಮಿ ಹೋದಂತೆ. ಹಾಗೆ ನಾವೂ ಆಟಗಾರನ ಹೆಸರು ಬರೆದ ಚೀಟಿಯನ್ನು ಕೊಡದೆ ಜೇಬಿನಲ್ಲಿಟ್ಟುಕೊಳ್ಳುತ್ತಿದ್ದೆವು. ಕೊಂಡವನು ತನ್ನ ಚೀಟಿ ತಾನೇ ಬರೆದುಕೊಳ್ಳಬೇಕು. ಸಂಬಳ ತರುವ, ಮಕ್ಕಳ ಫೀಸು ಕಟ್ಟುವ ಗಂಡಸರು ಸಂತೆಯ ದಿನ ಸಂಜೆ ಮಿರ್ಚಿ ಭಜಿಯ ಎಣ್ಣೆ ಹತ್ತಿದ ಕೈಗಳನ್ನು ಟವೆಲ್ಲಿನ ಕೆಳಗೆ ತೂರಿಸಿ ಒಬ್ಬರ ಬೆರಳು ಒಬ್ಬರು ಹಿಡಿದು ಕಣ್ಣಲ್ಲಿ ಕಣ್ಣಿಟ್ಟು ಕೂತಿರುವುದನ್ನು ಹೋಟೆಲ್ಲಿನ ಮಾಲೀಕ ನೋಡುತ್ತಿದ್ದ. ಒಂದು ದಿನ ಅವನು ಕೇಳಿದ್ದ.

"ನಿಮ್ಮ ಮನ್ಯಾಗ ಏನೂ ಕೆಲಸ ಹೇಳಂಗಿಲ್ಲೇನ್ರಿ?"

ಹೇಳುತ್ತಿದ್ದರು. ಅದಕ್ಕೇ ಇಲ್ಲಿ ಬಂದು ಕೂರುತ್ತಿದ್ದೆವು.

ನನ್ನ ತಂಡದಲ್ಲಿ ಜೇವರ್ಗಿಯ ಎತ್ತರದ ಹುಡುಗನೊಬ್ಬ ಇದ್ದ. ಅವನ ತಂದೆಗೆ ಅಲ್ಲಿ ತೊಗರಿ ಬೇಳೆಯ ಸಣ್ಣ ಗಿರಣಿ. ಮಗ ಗಿರಣಿಯ ಲೆಕ್ಕ ಬರೆಯುತ್ತಿದ್ದ, ಭಾನುವಾರ ಆಡುತ್ತಿದ್ದ. ಒಳ್ಳೆಯ ಆಟಗಾರ, ಆದರೆ ಮಳೆಯ ಹಾಗೆ, ನಂಬುವಂತಿಲ್ಲ. ನಾನು ಅವನನ್ನು ಆರಿಸಿಕೊಂಡ ಕೆಲವು ತಿಂಗಳಿಗೆ, ನನಗೆ ಏನೇನೂ ಸಂಬಂಧವಿಲ್ಲದ ದಾರಿಯಲ್ಲಿ, ನಮ್ಮ ಸೋದರಮಾವ ತಂಗಿಗೆ ಒಂದು ಗಂಡು ನೋಡಿಕೊಂಡು ಬಂದ. ಜೇವರ್ಗಿಯವರು, ಬೇಳೆ ಗಿರಣಿ ಇದೆ, ಹುಡುಗ ಎತ್ತರ ಇದ್ದಾನೆ ಅಂದ. ನಾನು ಚಹಾದ ಕಪ್ಪು ಕೆಳಗಿಟ್ಟೆ.

ತಂಗಿ ಆಗ ಖಜೂರಿ ಕಡೆಯ ಶಾಲೆಯೊಂದರಲ್ಲಿ ಮಾಸ್ತರಿಣಿ. ಗಡಿಯ ಊರು, ಮಕ್ಕಳು ಅರ್ಧ ಮರಾಠಿ ಅರ್ಧ ಕನ್ನಡ ಮಾತಾಡುತ್ತಿದ್ದರು. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಅವಳನ್ನು ನೋಡಲು ಬಂದವರೆಲ್ಲ ಉಪ್ಪಿಟ್ಟು ತಿಂದು, ಚಹಾ ಕುಡಿದು, ಮೀಸೆ ಒರೆಸಿಕೊಂಡು ಒಂದೇ ಮಾತು ಹೇಳುತ್ತಿದ್ದರು: ನಮ್ಮ ಮನಿ ಹೆಣಮಕ್ಕಳು ಹೊರಗ ದುಡಿಯಾಕ ಹೋಗಂಗಿಲ್ರಿ. ಅವರ ಮನೆಯ ಹೆಣ್ಣುಮಕ್ಕಳು ಹೊಲದಲ್ಲಿ ಸೊಂಟ ಮುರಿದುಕೊಂಡು ದುಡಿಯುತ್ತಿದ್ದುದು ಒಳಗಿನ ಲೆಕ್ಕಕ್ಕೆ ಸೇರಿದ್ದಿರಬೇಕು. ಜೇವರ್ಗಿಯವರು ಮಾತ್ರ ನೌಕರಿ ಬಿಡಿಸುವುದಿಲ್ಲ, ವರ್ಗ ಮಾಡಿಸಿಕೊಂಡು ಜೇವರ್ಗಿಗೇ ಬರಲಿ ಎಂದಿದ್ದರು. ಅದನ್ನು ಹೇಳಿದವನು ಹುಡುಗನೇ, ತಂದೆಯ ಎದುರಿಗೆ. ತಂಗಿ ಆವತ್ತು ಅಡುಗೆಮನೆಗೆ ಬಂದು ನನಗೆ ಹೇಳಿದ್ದಳು.

"ಅಣ್ಣ, ಇದ ಮನಿ. ಇನ್ನ ಯಾರಿಗೂ ಉಪ್ಪಿಟ್ಟು ಮಾಡಂಗಿಲ್ಲ ನಾ."

ನಿಶ್ಚಯ ಕಾರ್ಯ ಒಂದಷ್ಟು ದಿನ ಬಿಟ್ಟು ಇಟ್ಟುಕೊಳ್ಳೋಣ ಎಂದಾಯಿತು. ಮನೆಯವರು ನೆಮ್ಮದಿಯಾದರು. ನಾನು ಚಿಂತೆಗೆ ಬಿದ್ದೆ. ನನ್ನ ತಂಡದ ಹುಡುಗನೇ ನಮ್ಮ ಮನೆಯ ಅಳಿಯನಾಗುವವನು. ಭಾನುವಾರ ಅವನು ಚೆಂಡು ಬಿಟ್ಟರೆ ನಾನು ಬೈಯುವುದು ಯಾರನ್ನು? ಬೀಗರ ಹುಡುಗನನ್ನು ಕಾಗದದ ಮೇಲಾದರೂ ಆಳುವುದು ಸರಿಯಲ್ಲ, ಅವನನ್ನು ಬೇರೆಯವರಿಗೆ ಕೊಟ್ಟು ಕೈ ತೊಳೆದುಕೊಳ್ಳುವುದೇ ಮರ್ಯಾದೆ ಎಂದು ತೀರ್ಮಾನಿಸಿದೆ. ಹೀಗೆ ಸ್ನೇಹಿತರಿಗೆ ಹೇಳಿದೆ, ನನಗೂ ಹೇಳಿಕೊಂಡೆ. ನಿಜವಾದ ಕಾರಣ ಬೇರೆ. ಪಂಪ್‌ಸೆಟ್ಟಿನವನ ಬಳಿ ಇದ್ದ ಅಫಜಲಪುರದ ಇಬ್ಬರು ಹುಡುಗರ ಮೇಲೆ ನನಗೆ ಬಹಳ ದಿನದಿಂದ ಕಣ್ಣಿತ್ತು.

ಸಂತೆಯ ಸಂಜೆ ಟವೆಲ್ ಹಾಸಿದೆವು. ನಾನು ಅವನ ಎರಡು ಬೆರಳು ಗಟ್ಟಿಯಾಗಿ ಹಿಡಿದೆ. ಅವನು ತಲೆ ಅಲ್ಲಾಡಿಸಿ ನನ್ನ ಒಂದು ಬೆರಳನ್ನು ಪೂರ್ತಿ, ಇನ್ನೊಂದನ್ನು ಅರ್ಧ ಹಿಡಿದ.

"ಅರ್ಧ ಆಟಗಾರ ಅಂದ್ರ ಏನಲೇ?" ಅಂದೆ.

"ಮಧ್ಯಾಹ್ನದ ಮ್ಯಾಲ ಅಷ್ಟ ಬರಾಂವ ಒಬ್ಬ ಅದಾನಲ್ಲ, ಅಂವ."

"ಅಂವ ನನಗ ಯಾಕ ಬೇಕು? ನನ್ನ ಹುಡುಗ ಜೇವರ್ಗಿ ಬಂಗಾರ."

"ಬಂಗಾರಾದ್ರ ನೀ ಯಾಕ ಮಾರಾಕತ್ತೀದಿ?"

ಬ್ಯಾಂಕಿನವನು ಮಧ್ಯೆ ಬಾಯಿ ಹಾಕಿ, "ಇವನ ತಂಗೀನ ಕೊಡಾಕತ್ತಾರಲ್ಲೋ ಆ ಹುಡುಗಗ. ಬೀಗತನದಾಗ ಆಟ ಬ್ಯಾಡಂತ ಇವಗ," ಅಂದ.

"ಹಂಗಾದ್ರ ಇವಗ ಮಾರೂ ಗರಜು ಅದ," ಅಂದ ಪಂಪ್‌ಸೆಟ್ಟಿನವನು, ಇನ್ನೂ ನನ್ನ ಒಂದೂವರೆ ಬೆರಳು ಹಿಡಿದುಕೊಂಡೇ. ಮದುವೆಯ ಸುದ್ದಿ ಕೇಳಿದ ಯಾರಾದರೂ ಒಳ್ಳೆಯದಾಗಲಿ ಅನ್ನುತ್ತಾರೆ. ಇವನು ಬೆಲೆ ಇಳಿಸಲು ನೋಡಿದ. ನಾನು ಎರಡು ಬೆರಳು ಬಿಡಲಿಲ್ಲ, ಕೊನೆಗೆ ಅವನೇ ಸೋತು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದ.

"ಎರಡು ಬೆರಳು ಅಂದ್ರ ಎರಡು ಬೆರಳು. ಆದ್ರ ನೋಡದ ತಗೊಳಂಗಿಲ್ಲ. ನಮ್ಮ ಮನ್ಯಾಗ ಯಾವ ಎತ್ತೂ ಹೊಲದಾಗ ಹೂಡಿ ನೋಡದ ಕೊಂಡಿಲ್ಲ."

ನೋಡು ಅಂದೆ. ಭಾನುವಾರದ ಆಟ ನೋಡುತ್ತಾನೆ ಎಂದುಕೊಂಡೆ. ಅಲ್ಲಿ ನನ್ನ ಬುದ್ಧಿ ಕೈಕೊಟ್ಟಿತು. ಬದುಕಿನಲ್ಲಿ ಆಗದೇ ಇರುವುದನ್ನೆಲ್ಲ ಊಹಿಸಿ ನಿದ್ದೆಗೆಟ್ಟ ನನಗೆ, ಆಗಲಿರುವ ಒಂದೇ ಒಂದು ಸಂಗತಿ ಹೊಳೆಯಲಿಲ್ಲ.

ಸ್ವಲ್ಪ ದಿನಕ್ಕೆ ಸೋದರಮಾವ ಮುಖ ಇಳಿಸಿಕೊಂಡು ಬಂದ. ಜೇವರ್ಗಿಯವರು ನಿಶ್ಚಯ ಕಾರ್ಯ ಸ್ವಲ್ಪ ಮುಂದೆ ಹಾಕೋಣ ಅಂದಿದ್ದಾರೆ, ಕಾರಣ ಹೇಳಿಲ್ಲ ಅಂದ. ಅವ್ವ ದೇವರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ತಂಗಿ ಪಾಠದ ಪುಸ್ತಕ ಮುಚ್ಚಿ ನನಗೆ, "ಹೋಗಿ ಕೇಳ್ಕೊಂಡು ಬಾ. ಕಾರಣ ನನ್ನ ನೌಕರಿ ಆಗಿದ್ರ ಅಲ್ಲೇ ಮುಗಿಸಿ ಬಾ," ಅಂದಳು. ಹೇಳುವಾಗ ಪುಸ್ತಕದ ಮೂಲೆಯನ್ನು ಮಡಚುತ್ತಿದ್ದಳು. ಪುಸ್ತಕದ ಮೂಲೆ ಮಡಚಿದ ಮಕ್ಕಳಿಗೆ ಅವಳು ಕಿವಿ ಹಿಂಡುತ್ತಿದ್ದಳು. ಆ ಸಂಬಂಧ ಅವಳಿಗೆ ಎಷ್ಟು ಬೇಕಾಗಿತ್ತು ಎಂಬುದು ನನಗೆ ಆಗ ಗೊತ್ತಾಯಿತು.

ಗುಲಬರ್ಗಾದಲ್ಲಿ ಬಸ್ಸು ಬದಲಿಸಿ ಜೇವರ್ಗಿಗೆ ಹೋದೆ. ಹುಡುಗನ ತಂದೆ ಗಿರಣಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಮೈಮೇಲೆಲ್ಲ ತೊಗರಿಯ ಹೊಟ್ಟಿನ ಹಳದಿ ಪುಡಿ. ಹಿಂದಿನ ಸಲ ಬಂದಾಗ ಎದ್ದು ನಿಂತು ಕರೆದವರು ಈಗ ಕೂತಲ್ಲೇ ಕೈ ತೋರಿಸಿದರು.

"ಬರ್ರಿ. ಕೂಡ್ರಿ. ಚಾ ತರ್ಸಲೇನು?"

ಬೀಗರಾಗುವವರಿಗೆ ಚಹಾ ತರಿಸಲೇ ಎಂದು ಕೇಳುವುದಿಲ್ಲ, ತರಿಸುತ್ತಾರೆ. ನಾನು ಬೇಡ ಅಂದೆ.

"ಏನಿಲ್ರಿ," ಅಂದರು ಅವರು, ತಮ್ಮ ಉಗುರು ನೋಡಿಕೊಳ್ಳುತ್ತ. "ಅಫಜಲಪುರದ ಕಡಿಯವರೊಬ್ರು ಬಂದು ನಮ್ಮ ಹುಡುಗನ್ನ ವಿಚಾರಿಸಿ ಹೋಗ್ಯಾರ. ನಾವೇನ ಕರ್ದಿದ್ದಿಲ್ಲ. ತಾವಾಗೇ ಬಂದಿದ್ರು."

ನಾನು ಮುಂದಕ್ಕೆ ಬಾಗಿದೆ.

"ಏನ ವಿಚಾರಿಸಿದ್ರು ಅವ್ರು?"

"ಎಲ್ಲಾ ವಿಚಾರಿಸ್ಯಾರ. ಭಾಳ ಬರೋಬ್ಬರಿ ಮಂದಿ. ಮಗ್ಗಲಿನ ಕಿರಾಣಿ ಅಂಗಡ್ಯಾಗ ಹುಡುಗಗ ಏನಾರ ಚಟ ಅದ ಏನು ಅಂತ ಕೇಳ್ಯಾರ. ಕಾಲು ಕೈ ಗಟ್ಟಿ ಅದಾವೇನು, ಮೊದ್ಲ ಏನಾರ ಪೆಟ್ಟು ಬಿದ್ದಿತ್ತೇನು, ದಿನಾ ಎಷ್ಟು ರೊಟ್ಟಿ ತಿಂತಾನ ಅಂತ ಕೇಳ್ಯಾರ. ಕ್ಷೌರದಂಗಡಿಗೆ ಹೋಗಿ ತಲ್ಯಾಗ ಸುಳಿ ಎಷ್ಟು ಅದಾವ ಅಂತ ಕೇಳ್ಯಾರ್ರಿ. ಎಷ್ಟು ಸೂಕ್ಷ್ಮ ನೋಡ್ರಿ. ತಲಿ ಮ್ಯಾಲ ಎರಡು ಸುಳಿ ಇದ್ರ ಎರಡು ಲಗ್ನ ಅಂತಾರಲ್ಲ. ಹೆಣ್ಣಿನ ಕಡಿಯವ್ರಲ್ಲದ ಮತ್ಯಾರು ಕೇಳ್ತಾರ ಇದನ್ನ?"

ಎತ್ತಿನ ದಲಾಲ ಕೇಳುತ್ತಾನೆ. ಎತ್ತಿನ ಹಣೆಯ ಸುಳಿ, ಬೆನ್ನಿನ ಸುಳಿ, ಕಣ್ಣೀರು ಬೀಳುವಲ್ಲಿನ ಸುಳಿ, ಒಂದೊಂದು ಸುಳಿಗೆ ಒಂದೊಂದು ಫಲ. ಕೆಟ್ಟ ಸುಳಿಯ ಎತ್ತು ಕೊಂಡರೆ ಮನೆ ಹಾಳು. ಆ ಮೂರ್ಖ ಬಾಸ್ಕೆಟ್‌ಬಾಲ್ ಆಡುವ ಹುಡುಗನ ಸುಳಿ ನೋಡಲು ಅಫಜಲಪುರದಿಂದ ಜೇವರ್ಗಿಗೆ ಬಂದಿದ್ದ. ಅವನು ಕೇಳಿದ ಒಂದು ಪ್ರಶ್ನೆಯೂ ಎತ್ತಿನ ಸಂತೆಯ ಆಚೆಯದಲ್ಲ. ಆದರೆ ನಮ್ಮ ಕಡೆ ಮದುವೆಗೆ ಗಂಡು ವಿಚಾರಿಸುವವರು ಕೇಳುವುದೂ ಅವೇ ಪ್ರಶ್ನೆಗಳು, ಒಂದೂ ಬಿಡದೆ. ಇದರಲ್ಲಿ ಯಾರ ತಪ್ಪು ಎಂದು ಇಷ್ಟು ವರ್ಷ ಯೋಚಿಸಿದ್ದೇನೆ. ಎತ್ತನ್ನು ಅಳಿಯನಂತೆ ನೋಡುವವರ ತಪ್ಪೋ, ಅಳಿಯನನ್ನು ಎತ್ತಿನಂತೆ ನೋಡುವವರ ತಪ್ಪೋ. ಇಬ್ಬರಿಗೂ ನಾಚಿಕೆ ಇಲ್ಲ ಎಂಬಲ್ಲಿಗೆ ಬಂದು ನಿಂತಿದ್ದೇನೆ.

"ಗಿರಣಿಗೂ ಬಂದಿದ್ರು," ಅಂದರು ಹುಡುಗನ ತಂದೆ. "ಮೋಟರ್ ಸೈಕಲ್ ಮ್ಯಾಲ. ಹೆಗಲ ಮ್ಯಾಲ ಟವೆಲ್. ಬ್ಯಾಳಿ ಭಾವ ಕೇಳೋರಂಗ ನಿಂತು ಹುಡುಗನ್ನ ಮ್ಯಾಲಿಂದ ಕೆಳಗ ನೋಡಿದ್ರು. ಅಫಜಲಪುರದ ಕಡಿ ಹೊಳಿ ದಂಡಿ ಹೊಲ ಇರ್ತಾವ್ರಿ, ವರ್ಷಕ್ಕ ಎರಡು ಪೀಕು. ನಾವೇನ ಮಾತ ಕೊಟ್ಟಿಲ್ಲ ಅವ್ರಿಗೆ. ಆದ್ರ ಬಂದವ್ರು ಏನಂತಾರ ಕೇಳೂದು ಮರ್ಯಾದಿ ಅಲ್ಲೇನ್ರಿ?"

ಒಂದೇ ಮಾತು ಸಾಕಿತ್ತು. ಅವನು ಹೆಣ್ಣಿನ ಕಡೆಯವನಲ್ಲ ಮಾಲಕ್ರ, ನನ್ನ ದೋಸ್ತ, ನಿಮ್ಮ ಮಗನನ್ನು ನಾನೇ ಅವನಿಗೆ ಎರಡು ಬೆರಳಿಗೆ ಮಾರಲು ಹೊರಟಿದ್ದೆ ಎಂದು ಹೇಳಿಬಿಟ್ಟರೆ ಆ ಹೊಳೆ ದಂಡೆಯ ಹೊಲ ಅಲ್ಲೇ ಒಣಗುತ್ತಿತ್ತು. ಜೊತೆಗೆ ತಂಗಿಯ ಮದುವೆಯೂ. ನಾನು ಹೌದ್ರಿ, ಮರ್ಯಾದಿ ಅಂದೆ. ಬಸ್ಸು ಹತ್ತಿದೆ.

ತಂಗಿಗೆ ಮಾತ್ರ ಸುಳ್ಳು ಹೇಳಲಾಗಲಿಲ್ಲ. ಅವಳು ದಿನವಿಡೀ ಸುಳ್ಳು ಹೇಳುವ ಮಕ್ಕಳ ನಡುವೆ ಇದ್ದವಳು. ಜೋಳ ಹಸನು ಮಾಡುತ್ತ ಮೊರದಿಂದ ತಲೆ ಎತ್ತದೆ ಎಲ್ಲ ಕೇಳಿದಳು. ಟವೆಲ್, ಬೆರಳು, ಚೀಟಿ, ಸುಳಿ.

"ಎರಡ ಮಂದೀಗೆ?" ಅಂದಳು ಕೊನೆಗೆ.

"ಇಬ್ರೂ ಛಲೋ ಆಟಗಾರ್ರು."

ಅವಳು ಮೊರದಿಂದ ಒಂದು ಕಲ್ಲು ತೆಗೆದು ಆಚೆ ಎಸೆದಳು. ಅದನ್ನು ನನ್ನ ಕಡೆ ಎಸೆಯಲಿಲ್ಲ ಎಂಬುದನ್ನು ಗಮನಿಸಿದೆ.

"ನನ್ನ ನೋಡಾಕ ಬಂದವ್ರು ಅಡ್ಡಾಡಿಸಿ ನೋಡ್ಯಾರ, ಹಾಡ್ಸಿ ನೋಡ್ಯಾರ, ಸೂಜಿಗೆ ದಾರ ಏರಿಸು ಅಂದಾರ. ಅವಾಗ ನೀ ಮಗ್ಗಲಿಗೆ ಕುಂತು ಹೂಂ ಅಂತ ತಲಿ ಆಡಸ್ತಿದ್ದಿ. ಈಗ ಗಂಡ ಹುಡುಗನ್ನ ಒಬ್ಬ ಬಂದು ನೋಡಿ ಹೋದ ಅಂತ ನಿನ್ನ ಮಾರಿ ಯಾಕ ಬಿಳೇದಾಗ್ಯದ?"

"ಲಗ್ನ ಮುರೀತದಂತ."

"ಮುರಿಯಂಗಿಲ್ಲ. ನೋಡಾಕ ಬಂದಾಂವ ತಿರುಗಿ ಬರದಿದ್ರ ಏನಾಗ್ತದ? ನಮ್ಮನ್ಯಾಗ ಏನಾಗ್ತಿತ್ತು?"

ನಮ್ಮ ಮನೆಯಲ್ಲಿ ಏನಾಗುತ್ತಿತ್ತು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಎರಡು ವಾರ ಎಲ್ಲರೂ ಬಾಗಿಲ ಕಡೆ ನೋಡುತ್ತಿದ್ದೆವು. ಆಮೇಲೆ ಅವ್ವ ನಮ್ಮಲ್ಲೇ ಏನು ಕಮ್ಮಿಯಾಯಿತು ಎಂದು ಹುಡುಕಲು ಶುರು ಮಾಡುತ್ತಿದ್ದಳು. ಆಮೇಲೆ ಯಾರು ಬಂದರೂ ಸರಿ ಅನ್ನುತ್ತಿದ್ದಳು.

"ನಿನ್ನ ದೋಸ್ತಗ ಹೇಳು, ಅಂವ ಜೇವರ್ಗಿ ಕಡಿ ಮಾರಿ ಹಾಕಬಾರ್ದು. ಬಾಕಿದ್ದು ಅವ್ರ ಮಾಡ್ಕೋತಾರ," ಅಂದಳು ತಂಗಿ. "ಮತ್ತ ನೀ ಬಾಯಿ ತೆಗೀಬ್ಯಾಡ."

ಅಫಜಲಪುರಕ್ಕೆ ಹೋದೆ. ವ್ಯಾಪಾರ ಬೇಡ, ಚೀಟಿ ನನ್ನ ಬಳಿಯೇ ಇರಲಿ, ಇನ್ನು ಮುಂದೆ ಜೇವರ್ಗಿಗೆ ಹೋಗಬೇಡ ಎಂದು ಹೇಳಬೇಕಿತ್ತು. ಅಷ್ಟೇ. ಪಂಪ್‌ಸೆಟ್ಟಿನವನು ಗ್ರೀಸ್ ಹತ್ತಿದ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ. ನಾನು ಬಾಯಿ ತೆರೆಯುವ ಮೊದಲೇ ಅಂದ.

"ವ್ಯಾಪಾರ ಆಗಂಗಿಲ್ಲ ದೋಸ್ತ. ನೋಡೇನಿ ನಿನ್ನ ಹುಡುಗನ್ನ. ಎಡಕ್ಕ ತಿರಗಂಗಿಲ್ಲ ಅಂವ."

ದೇವರು ಇದ್ದಾನೆ ಅನ್ನಿಸುವ ಗಳಿಗೆಗಳು ನನ್ನ ಬದುಕಿನಲ್ಲಿ ಕಡಿಮೆ. ಇದು ಒಂದು. ಹೂಂ ಅಂದು ತಿರುಗಿ ಬಸ್ ನಿಲ್ದಾಣಕ್ಕೆ ನಡೆದಿದ್ದರೆ ಮುಗಿಯುತ್ತಿತ್ತು. ಆದರೆ ನನ್ನ ಸರಕಿಗೆ ಐಬು ಎಣಿಸಿದ್ದನ್ನು ನನ್ನಿಂದ ಸಹಿಸಲಾಗಲಿಲ್ಲ.

"ಯಾರಂದ್ರು ತಿರಗಂಗಿಲ್ಲಂತ? ಹೋದ ಭಾನುವಾರ ಆಳಂದದವರ ಮ್ಯಾಲ ಎಡಕ್ಕ ಹೋಗಿ ಹಾಕಿದ್ದ ನೋಡಿಲ್ಲೇನ ನೀ?"

"ಅದು ಚೆಂಡ ಒಯ್ದದ್ದು ಅವನ್ನ. ಅಂವ ಚೆಂಡ ಒಯ್ಲಿಲ್ಲ."

"ಲೇ, ಅಂವನಂಥಾ ಜಿಗಿತ ಮೂರು ತಾಲೂಕಿನ್ಯಾಗ ಇಲ್ಲ. ನಿನಗ ಕಣ್ಣಿದ್ರ ಇನ್ನೊಮ್ಮೆ ಹೋಗಿ..."

ಅಲ್ಲಿಗೆ ನಾಲಿಗೆ ಕಚ್ಚಿಕೊಂಡೆ. ತಂಗಿಯ ಮದುವೆ ಉಳಿಸಲು ಹೋದವನು, ಅದನ್ನು ಮುರಿಯಲು ಇನ್ನೊಂದು ಸಲ ಜೇವರ್ಗಿಗೆ ಹೋಗು ಎಂದು ಆ ಮನುಷ್ಯನಿಗೆ ಹೇಳುತ್ತಿದ್ದೆ. ಅವನ ಕಣ್ಣಲ್ಲಿ ಆಗಲೇ ದಲಾಲನ ಅನುಮಾನ ಬಂದಿತ್ತು. ಮಾರುವವನು ಹೊಗಳಿದಷ್ಟೂ ಕೊಳ್ಳುವವನು ಹಿಂದೆ ಸರಿಯುತ್ತಾನಲ್ಲ.

"ಹೋಗಿ ಏನ ಮಾಡ್ಲಿ?" ಅಂದ. "ಹಲ್ಲು ಒಮ್ಮೆ ಎಣಿಸಿದ ಮ್ಯಾಲ ಇನ್ನೊಮ್ಮೆ ಎಣಿಸಂಗಿಲ್ಲ ನಾವು."

ನಾನು ಮುಖ ಸಣ್ಣಗೆ ಮಾಡಿಕೊಂಡು ಹೊರಟೆ. ನಟನೆಯಲ್ಲ, ನಿಜವಾಗಿಯೂ ಬೇಸರವಾಗಿತ್ತು. ಆ ಇಬ್ಬರು ಹುಡುಗರು ಕೈ ತಪ್ಪಿದರು.

ತಂಗಿ ಹೇಳಿದ್ದು ಅಕ್ಷರಕ್ಕೆ ಅಕ್ಷರ ನಡೆಯಿತು. ಜೇವರ್ಗಿಯಲ್ಲಿ ಹುಡುಗನ ತಂದೆ ಮೋಟರ್ ಸೈಕಲ್ ಶಬ್ದಕ್ಕೆಲ್ಲ ಗಿರಣಿಯಿಂದ ಹೊರಗೆ ಬಂದು ನೋಡುತ್ತಿದ್ದರಂತೆ. ಸೋದರಮಾವ ಹೋಗಿ ಬಂದು ಹೇಳಿದ. ಮೊದಲು ಇವತ್ತು ಬರಬಹುದು ಅಂದರಂತೆ, ಆಮೇಲೆ ಹಬ್ಬ ಮುಗಿಸಿ ಬರಬಹುದು ಅಂದರಂತೆ. ಆಮೇಲೆ ಕ್ಷೌರದವನನ್ನು ಕರೆಸಿ, ಸುಳಿ ಎಷ್ಟು ಇದೆ ಎಂದು ಹೇಳಿದೆ ಎಂದು ಬೈದರಂತೆ. ಒಂದೇ ಇದೆ ಅಂತ ಹೇಳಿದ್ದೆ ಅಂದನಂತೆ ಅವನು. ಹಾಗಾದರೆ ಯಾಕೆ ಬರಲಿಲ್ಲ ಎಂದು ಆ ಮನುಷ್ಯ ಮಗನನ್ನೇ ಮೇಲಿಂದ ಕೆಳಗೆ ನೋಡಲು ಶುರು ಮಾಡಿದ್ದರು. ತಮ್ಮ ಮನೆ ಬಾಗಿಲಿಗೆ ಬಂದು ತಮ್ಮ ಮಗನನ್ನು ನೋಡಿ ಯಾರೋ ಬೇಡ ಅಂದು ಹೋಗಿದ್ದಾರೆ. ಹೆಣ್ಣು ಹೆತ್ತವರು ವರ್ಷಕ್ಕೆ ನಾಲ್ಕು ಸಲ ನುಂಗುವ ಈ ತುತ್ತು ಗಂಡು ಹೆತ್ತವರ ಗಂಟಲಿಗೆ ಹೊಸದು. ನನಗೆ ಅವರ ಮೇಲೆ ಕನಿಕರ ಬರಲಿಲ್ಲ. ಬರಬೇಕಿತ್ತೇನೋ.

ಒಂದು ಮುಂಜಾನೆ ಅವರೇ ಆಳಂದಕ್ಕೆ ಬಂದರು. ಕೈಯಲ್ಲಿ ಸಕ್ಕರೆಯ ಪೊಟ್ಟಣ, ಹೆಗಲಿಗೆ ಹೊಸ ಶಲ್ಯ.

"ನಿಶ್ಚಯ ಮಾಡೇಬಿಡೋಣ್ರಿ," ಅಂದರು ಅವ್ವನಿಗೆ. "ಸುಮ್ನ ತಡ ಯಾಕ?"

ತಂಗಿ ಚಹಾ ತಂದು ಕೊಟ್ಟಳು. ಅಡ್ಡಾಡಿ ತೋರಿಸಲಿಲ್ಲ. ತಟ್ಟೆ ಕೆಳಗಿಟ್ಟು, "ಜೇವರ್ಗಿಗೆ ವರ್ಗ ಕೇಳಿ ಅರ್ಜಿ ಹಾಕೇನ್ರಿ ಮಾವಾರ," ಅಂದಳು.

"ಹಾಕವ್ವ, ಹಾಕು," ಅಂದರು ಅವರು. ಹೊಳೆ ದಂಡೆಯವರು ಬಂದಿದ್ದರೆ ಆ ಧ್ವನಿ ಹೇಗಿರುತ್ತಿತ್ತೋ ನನಗೆ ಗೊತ್ತಿಲ್ಲ.

ನಮ್ಮ ಕಡೆ ಮದುವೆ ಗಂಡಿನ ಮನೆಯಲ್ಲಿ. ಗಿರಣಿಯ ಅಂಗಳದಲ್ಲಿ ಹಂದರ ಹಾಕಿದ್ದರು. ಬಸ್ಸು ಕೆಡಲಿಲ್ಲ. ಸೇತುವೆಯ ಮೇಲೆ ಒಂದು ಲಾರಿಯೂ ಅಡ್ಡ ಬರಲಿಲ್ಲ. ಬಾಸಿಂಗದ ಡಬ್ಬಿ ದಾರಿಯುದ್ದಕ್ಕೂ ನನ್ನ ತೊಡೆಯ ಮೇಲಿತ್ತು. ಅಡುಗೆಯವನು ಕುಡಿದಿದ್ದ, ಆದರೆ ಮಲಗಿರಲಿಲ್ಲ. ಹೂರಣ ಹದವಾಗಿತ್ತು. ಅಕ್ಷತೆ ಬಿತ್ತು. ಮದುಮಗ ಮಂಟಪದಲ್ಲಿ ತಂಗಿಯ ಕಡೆ, ತನ್ನ ಎಡಕ್ಕೇ, ತಿರುಗಿ ತಿರುಗಿ ನೋಡುತ್ತಿದ್ದ. ಅದನ್ನು ಪಂಪ್‌ಸೆಟ್ಟಿನವನಿಗೆ ತೋರಿಸಬೇಕಿತ್ತು ಅನ್ನಿಸಿತು. ಅನ್ನಿಸಿದ ಹೊತ್ತಿಗೇ ಹಂದರದ ಬಾಯಲ್ಲಿ ಅವನು ಕಂಡ. ಹೆಗಲ ಮೇಲೆ ಅದೇ ಟವೆಲ್.

ನಾನು ಅವನಿಗೆ ಕಾರ್ಡು ಕಳಿಸಿರಲಿಲ್ಲ. ಬೇಕೆಂದೇ ಕಳಿಸಿರಲಿಲ್ಲ. ಬ್ಯಾಂಕಿನವನು ಎಲ್ಲರನ್ನೂ ಜೀಪಿನಲ್ಲಿ ತುಂಬಿಕೊಂಡು ಬಂದಿದ್ದ.

"ಕಾರ್ಡು ಅಂಚ್ಯಾಗ ಎಲ್ಲೋ ತಪ್ಪಿರಬೇಕಂತ ತಿಳ್ಕೊಂಡ್ನಿ," ಅಂದ ಪಂಪ್‌ಸೆಟ್ಟಿನವನು ನನ್ನ ಕೈ ಹಿಡಿದು. "ದೋಸ್ತನ ತಂಗಿ ಲಗ್ನ ಬಿಡಾಕ ಆಗ್ತದೇನು?"

ಅವನನ್ನು ಎಲ್ಲಿ ಅಡಗಿಸಲಿ ಎಂದು ಯೋಚಿಸುತ್ತಿದ್ದಂತೆಯೇ ಪಂಕ್ತಿ ಹಾಕಿದರು. ಮುತ್ತುಗದ ಎಲೆಯ ಪತ್ರಾವಳಿಗಳ ಮುಂದೆ ಅವನು ನನ್ನ ಪಕ್ಕದಲ್ಲೇ ಕೂತುಬಿಟ್ಟ. ಹೋಳಿಗೆ ಬಂತು. ಹೋಳಿಗೆಯ ಹಿಂದೆ ತುಪ್ಪದ ಗಿಂಡಿ ಹಿಡಿದು ಮದುಮಗನ ತಂದೆಯೇ ಬಂದರು. ಮನೆಯ ಯಜಮಾನ ತುಪ್ಪ ಬಡಿಸುವುದು ಊಟಕ್ಕೆ ಬಂದವರಿಗೆ ಮರ್ಯಾದೆ. ಒಬ್ಬೊಬ್ಬರ ಮುಂದೆ ಬಾಗಿ, ಸಾಕು ಅನ್ನುವವರೆಗೆ ಸುರಿಯುತ್ತಿದ್ದರು. ನನ್ನ ಮುಂದೆ ಬಂದು, ಬೀಗರಲ್ಲವೇ, ಸಾಕು ಅಂದ ಮೇಲೂ ಇನ್ನೊಮ್ಮೆ ಸುರಿದರು. ಆಮೇಲೆ ಪಕ್ಕಕ್ಕೆ ತಿರುಗಿದರು. ಟವೆಲ್ ನೋಡಿದರು. ಮುಖ ನೋಡಿದರು. ಗಿಂಡಿ ನೆಟ್ಟಗಾಯಿತು.

ಈಗ ಆಯಿತು ಎಂದು ನಾನು ಕಣ್ಣು ಮುಚ್ಚಿದೆ. ಮಂಟಪದಲ್ಲಿದ್ದ ತಂಗಿ ನೆನಪಾದಳು.

"ಮಾಲಕ್ರ, ತುಪ್ಪ," ಅಂದ ಪಂಪ್‌ಸೆಟ್ಟಿನವನು, ಎಲೆ ಸ್ವಲ್ಪ ಮುಂದಕ್ಕೆ ಸರಿಸಿ.

"ನಿಮಗ ನಮ್ಮ ಮನೀದು ಹಿಡಸಂಗಿಲ್ಲಲ್ರಿ," ಅಂದರು ಅವರು, ಬಹಳ ಮೆತ್ತಗೆ. ಅವನನ್ನು ದಾಟಿ ಆಚೆಯ ಎಲೆಗೆ ಬಾಗಿದರು. ಪಂಕ್ತಿಯ ಕೊನೆಯವರೆಗೂ ತಿರುಗಿ ನೋಡಲಿಲ್ಲ.

ಅವನು ನನ್ನ ಕಡೆ ನೋಡಿದ. "ಇವ್ರಿಗೆ ನಾ ಏನ ಮಾಡೇನಿ?"

ನನ್ನ ಹೋಳಿಗೆಯಿಂದ ತುಪ್ಪ ಹರಿದು ಎಲೆಯ ಅಂಚಿಗೆ ಬಂದಿತ್ತು. ಅವನ ಎಲೆಯತ್ತ ಹೋಗದಂತೆ ಅನ್ನದಿಂದ ಒಡ್ಡು ಕಟ್ಟಿ, ಉಣ್ಣು ಅಂದೆ. ಅವನು ಒಣ ಹೋಳಿಗೆ ಮುರಿದ.